ಟ್ರಂಕಿಗೆ ಹಾಕಿದ ಹಾರ

ಭದ್ರಾವತಿಯ ನಮ್ಮ ಜೂನಿಯರ್ ಕಾಲೇಜಿನ ಲ್ಯಾಬ್ ಅಟೆಂಡರರ ಉಡಿದಾರದಲ್ಲಿ ಒಂದು ಕೀಲಿ ನೇತಾಡುತ್ತಿತ್ತು. ದೇಶದ ಪಾದರಸ ನೀತಿ ಪೂರ್ತಿ ಆ ಉಡಿದಾರದ ಮೇಲೆಯೇ ನಿಂತಿತ್ತು. ಥರ್ಮಾಮೀಟರುಗಳೆಲ್ಲ ಡಿಜಿಟಲ್ ಆದ ಮೇಲೆ ಸುತ್ತೋಲೆ ಬಂತು: ಮಿಕ್ಕ ಪಾದರಸವನ್ನು ಚೆಲ್ಲಬಾರದು, ಮಾರಬಾರದು, ಹೊರದೇಶಕ್ಕಂತೂ ಕಳಿಸಲೇಬಾರದು, ಒಯ್ಯಲು ಬರುವವರೆಗೆ ಭದ್ರವಾಗಿಡಿ. ನಮ್ಮ ಲ್ಯಾಬಿನ ಪಾದರಸದ್ದು ಶಿವಮೊಗ್ಗವನ್ನೇ ನೋಡದ ಬಾಟಲಿ, ಹೊರದೇಶಕ್ಕೆ ಹೋಗುತ್ತದೆಂದು ಯಾರಿಗೆ ಭಯವೋ.

ನಾನು ಎಂಟನೇ ಕ್ಲಾಸಿನಿಂದ ಪಿಯುಸಿಗೆ ಬಂದೆ, ನನಗೆ ಮೀಸೆಯೂ ಬಂತು, ಒಯ್ಯುವವರು ಮಾತ್ರ ಬರಲಿಲ್ಲ. ಅಂಗೈಯಗಲದ ಆ ಬಾಟಲಿ ಎಮ್ಮೆಕರುವಿನಷ್ಟು ಭಾರ. ಅಟೆಂಡರು ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಆಯುಧಪೂಜೆಗೆ ತೆಗೆದು ಕುಂಕುಮ ಹಚ್ಚುತ್ತಿದ್ದರು.

"ಕೆಲ್ಸನೇ ಮಾಡದ ಬಾಟ್ಲಿಗೆ ಯಾಕಣ್ಣ ಪೂಜೆ?" ಎಂದೆ.

"ಕಾಯೋದೂ ಕೆಲ್ಸನೇ ಮಾರಾಯ. ಮೇಲಿನವ್ರು ಬರ್ತಾರೆ."

ಗುಜರಿಯವನು ಕೇಳಿಕೊಂಡು ಬಂದಾಗಲೂ ಅದೇ ಮಾತು: "ಮುಟ್ಬೇಡ. ಮೇಲಿನವ್ರು ಬರ್ತಾರೆ."

ಅವರ ನಿವೃತ್ತಿಯ ದಿನ ಬಂತು. ಬಾಟಲಿಯನ್ನು ಇನ್ನೊಬ್ಬರು ವಹಿಸಿಕೊಂಡು ಸಹಿ ಹಾಕದಿದ್ದರೆ ಅವರಿಗೆ ಬಿಡುಗಡೆ ಪತ್ರವಿಲ್ಲ. ಹಾರ ಹಾಕಲು ನಲವತ್ತು ಕೈಗಳು ಮುಂದೆ ಬಂದವು. ಅವರು ಕೀಲಿ ಚಾಚಿದೊಡನೆ ನಲವತ್ತೂ ಜೇಬು ಸೇರಿದವು. ಕೊನೆಗೆ ಪ್ರಿನ್ಸಿಪಾಲರೇ ದಾರಿ ತೋರಿಸಿದರು.

"ಮನೇಲಿ ಸುಮ್ನೆ ಕೂತ್ಕೊಂಡು ಏನ್ಮಾಡ್ತೀರಾ? ಮೇಲಿನವ್ರು ಬರೋತನಕ ನೀವೇ ಬಂದು ನೋಡ್ಕೊಳ್ಳಿ."

ಅವರು ಕೀಲಿಯನ್ನು ಮತ್ತೆ ಉಡಿದಾರಕ್ಕೆ ಕಟ್ಟಿಕೊಂಡರು. ಕೊರಳಿನ ಹಾರ ತೆಗೆದು ಟ್ರಂಕಿಗೆ ಹಾಕಿದರು.

"ನೀನಾದ್ರೂ ರಿಟೈರ್ ಆಗು ಮಾರಾಯ."

ಸೋಮವಾರ ಬೆಳಿಗ್ಗೆ ಜನ್ನಾಪುರದ ಮೊದಲ ಬಸ್ಸಿಗೇ ಬಂದು ಬೀಗ ಜಗ್ಗಿ ನೋಡುತ್ತಿದ್ದರು.