ಟೇಬಲ್ ಮೇಲಿಟ್ಟ ಮಸೂದೆ

ನಾನು ಬಸುರಿಯಾಗಿದ್ದಾಗ ನನ್ನ ಮತ್ತು ಗಂಡನ ನಡುವೆ ಫೋನಿನಲ್ಲಿ ಕಾಫಿಯ ಜೊತೆ ಬರುತ್ತಿದ್ದ ಮೊದಲ ಪ್ರಶ್ನೆ, "ದೊಡ್ಡಪ್ಪ ಇವತ್ತು ಏನಂದ?" ಎಂಬುದು. ಈ ದೊಡ್ಡಪ್ಪ ನಮ್ಮ ನೆಂಟನೇನಲ್ಲ. ಅಮೆರಿಕದ ಸಂಸತ್ತಿನ ಒಬ್ಬ ಸದಸ್ಯ. ನನ್ನ ಗಂಡ ಕೆಲಸ ಮಾಡುತ್ತಿದ್ದ ಊರು ಅವನ ಕ್ಷೇತ್ರಕ್ಕೆ ಸೇರಿತ್ತು. ಒಮ್ಮೆ ಬಿರುಗಾಳಿಗೆ ಮರ ಉರುಳಿ ಅಲ್ಲಿ ಕರೆಂಟ್ ಹೋದಾಗ, ಯಾವಾಗ ಬರುತ್ತದೆ ಎಂದು ತಿಳಿಯಲು ನನ್ನ ಗಂಡ ಆ ಸದಸ್ಯನ ಕಚೇರಿಗೆ ತನ್ನ ಇಮೇಲ್ ವಿಳಾಸ ಕೊಟ್ಟಿದ್ದ. ಕರೆಂಟ್ ಬಂತು, ಇಮೇಲ್ ಮಾತ್ರ ನಿಲ್ಲಲಿಲ್ಲ. ವಾರಕ್ಕೊಂದರಂತೆ ಅವನ ಅಭಿಪ್ರಾಯಗಳು ಬರುತ್ತಲೇ ಇದ್ದವು. ಗಂಡ ಅವನ್ನು ನನಗೆ ಕಳಿಸುತ್ತಿದ್ದ, ನಾನು ಜರ್ಮನಿಯ ನೊಯ್‌ಬಿಬರ್ಗ್‌ನ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಕೂತು ಓದುತ್ತಿದ್ದೆ.

ದೊಡ್ಡಪ್ಪ ಎಂದು ಹೆಸರಿಟ್ಟವಳು ನಾನೇ. ಮದುವೆ ಮನೆಯಲ್ಲಿ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ದೇಶ ಹೇಗೆ ನಡೆಯಬೇಕು ಎಂದು ಎಲ್ಲರಿಗೂ ಹೇಳುವ ದೊಡ್ಡಪ್ಪ ಯಾರ ಮನೆಯಲ್ಲಿಲ್ಲ? ಇವನಿಗೂ ಎಲ್ಲದರ ಬಗ್ಗೆ ಅಭಿಪ್ರಾಯವಿತ್ತು. ತೈಲ ಇನ್ನಷ್ಟು ತೆಗೆಯಬೇಕು. ಶಾಲೆಯಲ್ಲಿ ಏನು ಕಲಿಸಬೇಕು ಎಂಬುದನ್ನು ಅಪ್ಪ ಅಮ್ಮ ತೀರ್ಮಾನಿಸಬೇಕು. ಜರ್ಮನಿಯಲ್ಲಿರುವ ತಮ್ಮ ಸೈನಿಕರು ಮನೆಗೆ ಬರಬೇಕು. ಚಿಪ್ ತಯಾರಿಸುವ ಕೆಲಸವೂ ಮನೆಗೆ ಬರಬೇಕು. ಕೆಲಸದ ವೀಸಾದಲ್ಲಿ ಬಂದವರು ಮಾತ್ರ ತಮ್ಮ ತಮ್ಮ ಮನೆಗೆ ಹೋಗಬೇಕು. ಹೀಗೆ ಅವನ ಪ್ರಪಂಚದಲ್ಲಿ ಎಲ್ಲರೂ ಮನೆಗೆ ಹೋಗುವವರೇ. ನಾನು ನೊಯ್‌ಬಿಬರ್ಗ್‌ನಲ್ಲಿ ಮಾಡುತ್ತಿದ್ದದ್ದು ಚಿಪ್ ವಿನ್ಯಾಸದಲ್ಲಿ ತಪ್ಪು ಹುಡುಕುವ ಕೆಲಸ. ನನ್ನ ಗಂಡ ಅಮೆರಿಕದಲ್ಲಿ ಮಾಡುತ್ತಿದ್ದದ್ದೂ ಅದೇ, ಕೆಲಸದ ವೀಸಾದಲ್ಲಿ. ದೊಡ್ಡಪ್ಪ ಯಾವ ದಿಕ್ಕಿಗೆ ಕೈ ಬೀಸಿದರೂ ನಮ್ಮಿಬ್ಬರಲ್ಲಿ ಒಬ್ಬರಿಗೆ ತಾಗುತ್ತಿತ್ತು.

ಗಂಡ ಅಲ್ಲಿ, ಹೆಂಡತಿ ಇಲ್ಲಿ ಏಕೆ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಬೆಂಗಳೂರಿನ ಕಂಪನಿ ಅವನನ್ನು ಅಲ್ಲಿಗೆ ಕಳಿಸಿತು. ಹೆಂಡತಿಯ ವೀಸಾದಲ್ಲಿ ಹೋದರೆ ನಾನು ಕೆಲಸ ಮಾಡುವ ಹಾಗಿರಲಿಲ್ಲ. ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಜರ್ಮನಿಯಲ್ಲಿ ಕೆಲಸ ಸಿಕ್ಕಿತು, ಬಂದೆ. ಅವನು ಅಲ್ಲಿ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿದ್ದ. ಸಾಲು ಮುಂದೆ ಸರಿದರೆ ಒಂದೇ ಕಡೆ ಇರೋಣ ಎಂದು ಮಾತಾಡಿಕೊಂಡಿದ್ದೆವು.

ಹೆರಿಗೆಗೆ ಅವನು ಬರುವುದೆಂದು ಮೊದಲೇ ನಿಶ್ಚಯವಾಗಿತ್ತು. ಬಾಣಂತನಕ್ಕೆಂದು ಮೈಸೂರಿನಿಂದ ಅತ್ತೆ ಬಂದರು. ಬೆಳ್ಳುಳ್ಳಿ ಉಪ್ಪಿನಕಾಯಿ, ಅಂಟಿನುಂಡೆಗೆ ಬೇಕಾದ ಸಾಮಾನು ಎಲ್ಲವನ್ನೂ ಸೂಟ್‌ಕೇಸಿನಲ್ಲಿ ತಂದಿದ್ದರು. ಬಂದ ಕೂಡಲೇ ಅವರು ಮಗನ ಅಂಗಿಗಳಿಗೆ ಕಪಾಟಿನಲ್ಲಿ ಒಂದು ಅರೆಯನ್ನು ಖಾಲಿ ಮಾಡಿಟ್ಟರು.

ಅಷ್ಟರಲ್ಲಿ ದೊಡ್ಡಪ್ಪನ ಹೊಸ ಮಸೂದೆಯ ಸುದ್ದಿ ಬಂತು. ಕೆಲಸದ ವೀಸಾದಲ್ಲಿರುವವರು ದೇಶ ಬಿಟ್ಟು ಹೊರಗೆ ಹೋದರೆ, ಹೊಸದಾಗಿ ಪರಿಶೀಲನೆ ಮುಗಿಯುವ ತನಕ ಒಳಗೆ ಬಿಡಬಾರದು. ಪರಿಶೀಲನೆ ಎಷ್ಟು ಕಾಲ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಅವತ್ತು ನಾವು ನಗಲಿಲ್ಲ. ಅದಕ್ಕೂ ಮುಂಚೆಯೇ ನನ್ನ ಗಂಡನ ಗೆಳೆಯನೊಬ್ಬ ಪಾಸ್‌ಪೋರ್ಟಿಗೆ ಹೊಸ ವೀಸಾ ಮುದ್ರೆ ಹಾಕಿಸಲೆಂದು ಭಾರತಕ್ಕೆ ಹೋಗಿ, ಅದು ಸಿಗದೆ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಅವನ ಮನೆಯ ಬೀಗದ ಕೈ ನನ್ನ ಗಂಡನ ಹತ್ತಿರ ಇತ್ತು. ಫ್ರಿಜ್ ಖಾಲಿ ಮಾಡಲು ಹೋದವನು ಒಂದೊಂದೇ ಡಬ್ಬಿಯನ್ನು ವಿಡಿಯೋದಲ್ಲಿ ತೋರಿಸಿ, "ಮಗಾ, ಇದನ್ನ ಬಿಸಾಕ್ಲಾ?" ಎಂದು ಕೇಳಬೇಕಾಯಿತಂತೆ. ಕೊನೆಗೆ ಆ ಗೆಳೆಯ, "ಎಲ್ಲಾ ಬಿಸಾಕು ಗುರು, ತೋರಿಸ್ಬೇಡ" ಎಂದನಂತೆ.

ಒಂದು ಬೆಳಿಗ್ಗೆ ಇಮೇಲ್ ಬಂತು. ಸಮಿತಿಯಲ್ಲಿ ತನ್ನ ಮಸೂದೆ ಟೇಬಲ್ ಆಯಿತು, ಹೋರಾಟ ಈಗ ಶುರು ಎಂದು ದೊಡ್ಡಪ್ಪ ಬರೆದಿದ್ದ. ಟೇಬಲ್ ಆಯಿತು ಎಂದರೆ ಮಂಡನೆಯಾಯಿತು ಎಂದೇ ಅರ್ಥ ತಾನೇ? ಶಾಲೆಯಲ್ಲಿ ಇಂಗ್ಲಿಷ್ ಪತ್ರಿಕೆ ಗಟ್ಟಿಯಾಗಿ ಓದಿಸುತ್ತಿದ್ದ ಕಾಲದಿಂದ ನಾನು ಕಲಿತದ್ದು ಅದನ್ನೇ. ವಿಧಾನಸಭೆಯಲ್ಲಿ ಬಿಲ್ ಟೇಬಲ್ ಮಾಡಿದರು ಎಂದರೆ ಅದನ್ನು ಸದನದ ಮುಂದಿಟ್ಟರು. ಮುಂದಿಟ್ಟ ಮೇಲೆ ಏನಾಗುತ್ತದೆ ಎಂಬುದನ್ನೂ ನಾವು ನೋಡಿ ಬೆಳೆದವರು. ಬೆಳಿಗ್ಗೆ ಮಂಡನೆ, ಮಧ್ಯಾಹ್ನ ಗದ್ದಲದ ನಡುವೆ ಅಂಗೀಕಾರ, ಮರುದಿನ ಪತ್ರಿಕೆಯಲ್ಲಿ ಸುದ್ದಿ.

ಫೋನ್ ಮಾಡಿದೆ. ಗಂಡನೂ ಓದಿ ಎದ್ದು ಕೂತಿದ್ದ.

"ಟೇಬಲ್ ಆಯ್ತಂತೆ ಕಣೇ," ಎಂದ.

"ಓದಿದೆ."

"ನಾನು ಅಲ್ಲಿರೋವಾಗ ಪಾಸ್ ಆಗ್ಬಿಟ್ರೆ?"

ಹೊಟ್ಟೆಯೊಳಗೆ ಮಗು ಒದೆಯುತ್ತಿತ್ತು. ಬಾ ಎಂದು ಹೇಳಲು ನನಗೆ ಭಯ, ಬರಬೇಡ ಎಂದು ಹೇಳಲು ಅದಕ್ಕಿಂತ ಭಯ. ಕೊನೆಗೆ ಟಿಕೆಟ್ ಸದ್ಯಕ್ಕೆ ರದ್ದು ಮಾಡೋಣ, ಏನಾಗುತ್ತದೋ ನೋಡಿ ಮತ್ತೆ ತೆಗೆಯೋಣ ಎಂದು ಅವನೇ ಹೇಳಿದ. ನಾನು ಹೂಂ ಅಂದೆ.

ಅತ್ತೆಗೆ ಸಂಜೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಅಲ್ಲಮ್ಮ, ವಾಪಸ್ ಬಿಡ್ಲಿಲ್ಲ ಅಂದ್ರೆ ಇಲ್ಲೇ ಇರ್ಲಿ ಬಿಡು. ನಿಂಗೆ ಕೆಲಸ ಇದೆ, ಮನೆ ಇದೆ. ಇಲ್ಲಿ ಅವನಿಗೊಂದು ಕೆಲಸ ಸಿಗಲ್ವಾ?" ಎಂದರು.

"ಇಷ್ಟು ವರ್ಷದಿಂದ ಸಾಲಲ್ಲಿ ನಿಂತಿದ್ದಾನೆ ಅತ್ತೆ," ಎಂದೆ.

"ನಿಂತಿದ್ದಾನೆ, ಸರಿ. ನೀನು ಕೇಳಿದ್ಯಾ ಅವನನ್ನ?"

ಕೇಳಿರಲಿಲ್ಲ. ಕೇಳಿದರೆ ಅವನು ಏನು ಹೇಳುತ್ತಾನೋ ಎಂದು ದಿಗಿಲಾಗುತ್ತಿತ್ತು. ದೊಡ್ಡಪ್ಪನಿಗೆ ಹೆದರುವುದು ಸುಲಭ. ಅವನಿಗೆ ಮುಖವಿತ್ತು, ಟೈ ಇತ್ತು, ವಾರಕ್ಕೊಮ್ಮೆ ಬಯ್ದು ಹಗುರಾಗಬಹುದಿತ್ತು. ಇನ್ನೊಂದು ಹೆದರಿಕೆಯನ್ನು ಯಾರ ಹತ್ತಿರ ಹೇಳಲಿ?

ಆಮೇಲಿನ ದಿನಗಳಲ್ಲಿ ನಾನು ಸರಿಯಾಗಿ ಊಟ ಮಾಡಲಿಲ್ಲ. ಹೆರಿಗೆ ರಜೆ ಶುರುವಾಗಿತ್ತು, ಕೆಲಸವೂ ಇರಲಿಲ್ಲ. ಫೋನ್ ಸದ್ದು ಮಾಡಿದರೆ ಮಸೂದೆ ಪಾಸಾಯಿತು ಎಂದೇ ಅನಿಸುತ್ತಿತ್ತು. ಬೆಳಿಗ್ಗೆ ಎದ್ದು ಕಣ್ಣು ಬಿಡುವ ಮೊದಲೇ ಕೈ ಫೋನಿಗೆ ಹೋಗುತ್ತಿತ್ತು. ದೊಡ್ಡಪ್ಪನ ಜಾಲತಾಣದ ಪುಟದಲ್ಲಿ ಮೀನು ಹಿಡಿಯುವ ಫೋಟೋ ಇದ್ದರೆ ಅವತ್ತಿಗೆ ನೆಮ್ಮದಿ. ಮೈಕ್ ಮುಂದೆ ನಿಂತ ಫೋಟೋ ಇದ್ದರೆ ಕೆಳಗಿನ ಬರಹವನ್ನು ಎರಡೆರಡು ಸಲ ಓದುತ್ತಿದ್ದೆ. ಮನೆಗೆ ಬಂದು ನೋಡುತ್ತಿದ್ದ ಸೂಲಗಿತ್ತಿ, ಇಲ್ಲಿ ಅವಳನ್ನು ಹೆಬಾಮೆ ಅನ್ನುತ್ತಾರೆ, ನನ್ನ ರಕ್ತದೊತ್ತಡ ನೋಡಿ ಹುಬ್ಬುಗಂಟಿಕ್ಕಿದಳು. ಏನಾದರೂ ಚಿಂತೆಯಾ ಎಂದು ಕೇಳಿದಳು. ಒಬ್ಬ ಅಮೆರಿಕದ ಸಂಸದನ ಚಿಂತೆ ಎಂದು ನನ್ನ ಅರೆಬರೆ ಜರ್ಮನ್‌ನಲ್ಲಿ ಹೇಗೆ ಹೇಳಲಿ? ಸರಿಯಾಗಿ ನಿದ್ದೆ ಬರುತ್ತಿಲ್ಲ ಅಂದೆ.

ಹೆರಿಗೆಗೆ ಇನ್ನೂ ಸ್ವಲ್ಪ ದಿನವಿದ್ದಾಗ ನನ್ನ ಸಹೋದ್ಯೋಗಿಯೊಬ್ಬಳು ಸೈಕಲ್ ಮೇಲೆ ಮನೆಗೆ ಬಂದಳು. ಅವಳು ಅಮೆರಿಕದವಳು, ಜರ್ಮನ್ ಗಂಡನನ್ನು ಕಟ್ಟಿಕೊಂಡು ಇಲ್ಲೇ ನೆಲೆಸಿದವಳು. ತನ್ನ ಮಕ್ಕಳ ಹಳೆಯ ಬಟ್ಟೆ ತುಂಬಿದ ಚೀಲ ತಂದಿದ್ದಳು. ಅತ್ತೆ ಉಪ್ಪಿಟ್ಟು ಮಾಡಿ ಬಡಿಸಿದರು. ಅವಳು ಕರಿಬೇವನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸರಿಸುತ್ತಾ, ನಿನ್ನ ಗಂಡ ಯಾವತ್ತು ಬರುತ್ತಾನೆ ಎಂದು ಕೇಳಿದಳು. ಬರುವುದಿಲ್ಲ, ಮಸೂದೆ ಟೇಬಲ್ ಆಗಿದೆಯಲ್ಲ ಎಂದೆ.

ಅವಳು ನನ್ನ ಮುಖ ನೋಡಿದಳು. "ಹಾಗಾದರೆ ಒಳ್ಳೆಯದೇ ಆಯಿತಲ್ಲ?"

ನನಗೆ ಸಿಟ್ಟು ಬಂತು. ಇದರಲ್ಲಿ ಒಳ್ಳೆಯದೇನಿದೆ ಎಂದು ಕೇಳಿದೆ. ಅವಳು ನನ್ನ ಫೋನ್ ತರಿಸಿ ಆ ಇಮೇಲನ್ನು ಪೂರ್ತಿ ಓದಿದಳು. ಆಮೇಲೆ ಉಪ್ಪಿಟ್ಟಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಆ ತುದಿಗೆ ತಳ್ಳಿದಳು. "ನಮ್ಮಲ್ಲಿ ಟೇಬಲ್ ಮಾಡುವುದು ಅಂದರೆ ಇದು. ಈಗ ಬೇಡ ಎಂದು ಪಕ್ಕಕ್ಕಿಡುವುದು. ಅವನ ಮಸೂದೆಯನ್ನು ಸಮಿತಿ ಮೂಲೆಗೆ ತಳ್ಳಿದೆ. ಅದಕ್ಕೇ ಅವನಿಗೆ ಕೋಪ, ಅದಕ್ಕೇ ಹೋರಾಟದ ಮಾತು."

ಒಂದೇ ಇಂಗ್ಲಿಷ್, ಒಂದೇ ಮಾತು, ಅಲ್ಲಿ ಪಕ್ಕಕ್ಕಿಟ್ಟದ್ದು ನಮಗೆ ಮುಂದಿಟ್ಟಂತೆ ಕೇಳಿಸಿತ್ತು. ಚಿಪ್‌ನಲ್ಲಿ ತಪ್ಪು ಹುಡುಕಿ ಸಂಬಳ ತಗೊಳ್ಳುವ ಇಬ್ಬರು ಎಂಜಿನಿಯರುಗಳಲ್ಲಿ ಒಬ್ಬರಿಗಾದರೂ ನಿಘಂಟು ನೋಡಬೇಕೆಂದು ಹೊಳೆಯಲಿಲ್ಲ. ಗೊತ್ತಿಲ್ಲದ ಪದವಾಗಿದ್ದರೆ ನೋಡುತ್ತಿದ್ದೆವು. ಅತ್ತೆಗೆ ಕನ್ನಡದಲ್ಲಿ ಹೇಳಿದಾಗ ಅವರು ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ಎಳೆದಿಟ್ಟು, ತಿನ್ನಲು ಸನ್ನೆ ಮಾಡಿದರು. ನನಗೆ ಅಳು ಬಂತೋ ನಗು ಬಂತೋ ನೆನಪಿಲ್ಲ, ಎರಡೂ ಇರಬೇಕು.

ಅವಳು ಹೋದ ತಕ್ಷಣ ಗಂಡನಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಬೆಳಿಗ್ಗೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಟಿಕೆಟ್ ಸಿಗುತ್ತದೆ, ನಾಳೆಯೇ ಹೊರಡಬಹುದು ಎಂದೆ. ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು.

ಅವನ ಕಡೆಯಿಂದ ಕಾಫಿ ಯಂತ್ರದ ಸದ್ದು ಕೇಳಿಸುತ್ತಿತ್ತು.

"ಪಕ್ಕಕ್ಕಿಟ್ಟಿದ್ದನ್ನ ಮತ್ತೆ ಎತ್ಕೋಬಹುದಲ್ವಾ?" ಎಂದ.

"ಎತ್ಕೋಬಹುದು," ಎಂದೆ.

"ಇಲ್ಲಿರೋಕೆ ಪರವಾಗಿಲ್ಲ, ಆದ್ರೆ ಪಾಸ್‌ಪೋರ್ಟಲ್ಲಿ ನನ್ನ ವೀಸಾ ಸ್ಟ್ಯಾಂಪ್ ಮುಗಿದಿದೆ. ಮಸೂದೆ ಇಲ್ದೆ ಹೋದ್ರೂ ವಾಪಸ್ ಬರೋಕೆ ಕಾನ್ಸುಲೇಟ್‌ಗೆ ಹೋಗ್ಲೇಬೇಕು. ಫ್ರಿಜ್ ಖಾಲಿ ಮಾಡಿಸಿದ ಆ ಹುಡುಗನ ಗತಿ ನೋಡಿದ್ಯಲ್ಲ. ಅವನನ್ನೂ ಯಾವ ಮಸೂದೆನೂ ತಡೆದಿರ್ಲಿಲ್ಲ."

ಆಗ ನಾನು ಆ ಪ್ರಶ್ನೆ ಕೇಳಿದೆ. "ವಾಪಸ್ ಬಿಡ್ಲಿಲ್ಲ ಅಂದ್ರೆ ಇಲ್ಲೇ ಇದ್ಬಿಡೋಕಾಗಲ್ವಾ?"

"ಹೆದರಿಕೆ ಆಗುತ್ತೆ ಕಣೇ," ಎಂದ. ಅಷ್ಟೇ ಹೇಳಿದ. ಏನು ಹೆದರಿಕೆ, ಯಾರ ಹೆದರಿಕೆ ಎಂದು ಹೇಳಲಿಲ್ಲ. ನಾನು ಮತ್ತೆ ಕೇಳಲಿಲ್ಲ. ಅವನ ಮೇಲೆ ಕೋಪ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಬರಲಿಲ್ಲ. ಆ ಹೆದರಿಕೆ ನನಗೂ ಗೊತ್ತಿತ್ತು. ಪದದ ಅರ್ಥ ತಪ್ಪಾಗಿತ್ತು ನಿಜ, ಆದರೆ ಅದು ಒಳಗೆ ತಂದಿಟ್ಟ ಭಯ ಅರ್ಥ ಸರಿಯಾದ ಮೇಲೂ ಜಾಗ ಬಿಟ್ಟು ಏಳಲಿಲ್ಲ. ಅತ್ತೆ ಒಳಗೆ ಹೋದರು. ಮರುದಿನ ನೋಡಿದರೆ ಕಪಾಟಿನ ಆ ಖಾಲಿ ಅರೆಯಲ್ಲಿ ಮಗುವಿನ ಬಟ್ಟೆ ಜೋಡಿಸಿದ್ದರು.

ಹೆರಿಗೆ ಒಂದು ಮಧ್ಯಾಹ್ನ ಆಯಿತು. ಆಸ್ಪತ್ರೆಯಲ್ಲಿ ನನ್ನ ಜೊತೆ ಅತ್ತೆ ಇದ್ದರು. ಅಲ್ಲಿನ ಹೆಬಾಮೆ ಅಪ್ಪ ಎಲ್ಲಿ ಎಂದು ಕೇಳಿದಳು. ಅತ್ತೆ ಫೋನ್ ಎತ್ತಿ ತೋರಿಸಿದರು. ಅದರಲ್ಲಿ ಅವನಿದ್ದ, ಆಫೀಸಿನ ಕಾರ್ ಪಾರ್ಕಿನಲ್ಲಿ, ಕಾರಿನೊಳಗೆ, ತಲೆ ಬಾಚದೆ. ಅವಳು ನಕ್ಕು, ಸರಿ, ಅಪ್ಪನನ್ನು ಟೇಬಲ್ ಮೇಲೆ ಇಡೋಣ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಚಕ್ರದ ಸಣ್ಣ ಟೇಬಲೊಂದನ್ನು ನನ್ನ ಮಂಚದ ಹತ್ತಿರಕ್ಕೆ ತಂದು, ನೀರಿನ ಲೋಟಕ್ಕೆ ಒರಗಿಸಿ ಫೋನ್ ನಿಲ್ಲಿಸಿದಳು. ನೋವಿನ ನಡುವೆಯೂ ಆ ಪದ ನನ್ನ ಕಿವಿಗೆ ಬಿತ್ತು. ನಮ್ಮ ಅರ್ಥದಲ್ಲಿ ಅವನು ನನ್ನ ಮುಂದೆಯೇ ಇದ್ದ.

ನೋವು ಹೆಚ್ಚಾಯಿತು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಅವನು ಏನೋ ಹೇಳುತ್ತಲೇ ಇದ್ದ, ಉಸಿರು ತಗೋ, ಉಸಿರು ತಗೋ ಎಂದಿರಬೇಕು. ಮಗು ಬರುವ ಹೊತ್ತಿಗೆ ವೈದ್ಯೆ ಒಳಗೆ ಬಂದಳು, ನಿಲ್ಲಲು ಜಾಗ ಸಾಲಲಿಲ್ಲ. ಹೆಬಾಮೆ ತಿರುಗಿಯೂ ನೋಡದೆ ಕಾಲಿನಿಂದ ಆ ಟೇಬಲನ್ನು ಗೋಡೆಯ ಕಡೆಗೆ ತಳ್ಳಿದಳು. ಲೋಟ ಅಲುಗಿತು, ಫೋನ್ ಅಂಗಾತ ಬಿತ್ತು. ಅತ್ತೆ ನನ್ನ ಕೈ ಬಿಡಲಿಲ್ಲ.

ಮಗಳು ಅತ್ತಳು. ಅವಳನ್ನು ಎತ್ತಿ ನನ್ನ ಎದೆಯ ಮೇಲೆ ಮಲಗಿಸಿದರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಗೋಡೆಯ ಕಡೆಯಿಂದ ಅವನ ದನಿ ಬರುತ್ತಿತ್ತು.

"ಅಮ್ಮಾ, ಯಾರಾದ್ರೂ ಎತ್ತಿ ಹಿಡೀರಿ. ನಂಗೆ ಬರೀ ಸೀಲಿಂಗ್ ಕಾಣ್ತಿದೆ."