ಹಾಲಿಗೆ ನಾಲ್ಕು ಹನಿ ನೀರು

ತೊಂಬತ್ತರ ದಶಕದಲ್ಲಿ ಕ್ಯಾತನಹಳ್ಳಿಯ ನಮ್ಮ ಮನೆಯಿಂದ ಹಾಲಿನ ಕ್ಯಾನು ಡೈರಿಗೆ ಹೊರಡುವ ಮುಂಚೆ ನನ್ನ ಅತ್ತೆ ಬೆರಳದ್ದಿ ನಾಲ್ಕು ಹನಿ ನೀರು ಬಿಡುತ್ತಿದ್ದರು. ಬರೀ ಹಾಲು ಹೊಸಿಲು ದಾಟಿದರೆ ಹಸುವಿನ ಕೆಚ್ಚಲಿಗೆ ದೃಷ್ಟಿ ತಾಗುತ್ತದೆ ಎಂದು ಅವರ ನಂಬಿಕೆ. ದೇವಲಾಪುರದ ಕಡೆಯಿಂದ ಸೊಸೆಯಾಗಿ ಬಂದ ನನಗೂ ಅದು ತಪ್ಪೆನಿಸಿರಲಿಲ್ಲ. ನನ್ನ ತವರಲ್ಲೂ ಹಾಗೇ ಮಾಡುತ್ತಿದ್ದರು.

ತಪ್ಪೆನಿಸಿದ್ದು ನಾಲ್ಕನೇ ಕ್ಲಾಸಿನ ನನ್ನ ಮಗಳಿಗೆ. ಹಾಲಿಗೆ ನೀರು ಬೆರೆಸುವುದು ಮೋಸ ಎಂದು ಸ್ಕೂಲಲ್ಲಿ ಹೇಳಿಕೊಟ್ಟಿದ್ದರು. ಒಂದು ಬೆಳಿಗ್ಗೆ ನನ್ನ ಜೊತೆ ಡೈರಿಗೆ ಬಂದವಳು, ಸಾಲಲ್ಲಿದ್ದವರೆಲ್ಲ ಕೇಳುವ ಹಾಗೆ, "ನಮ್ಮಜ್ಜಿ ದಿನಾ ಆಲ್ಗೆ ನೀರಾಕ್ತದೆ" ಅಂದುಬಿಟ್ಟಳು. ಡೈರಿಯವನು ಪರೀಕ್ಷೆ ಮಾಡಿ ನೋಡಿದ. ಹಾಲು ಸರಿಯಾಗೇ ಇತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಅದ್ಕೇ ಕಣ್ರವ್ವಾ ಇವ್ರ ಹಸ ಬತ್ತೋದೇ ಇಲ್ಲ, ಪಕ್ಕದಲ್ಲೇ ನಾಲೆ ಅದಲ್ಲ!" ಎಂದು ಹಿಂದಿನವಳೊಬ್ಬಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಮಗಳನ್ನು ಹೇಗೆ ಬೈಯಲಿ? ನಿಜ ಹೇಳು ಎಂದು ಕಲಿಸಿದವಳು ನಾನೇ.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. "ಇನ್ಮ್ಯಾಕೆ ನೀನೇ ಆಲು ಕಳಿಸವ್ವಾ, ನಾನ್ ಮುಟ್ಟಾಕಿಲ್ಲ" ಅಂದರು ಅತ್ತೆ, ಅಷ್ಟೇ. ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದನ್ನೂ ಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ನಾನು ನೀರು ಬಿಡದೆ ಬರೀ ಹಾಲನ್ನೇ ಕಳಿಸತೊಡಗಿದೆ. ಕೆಲವೇ ದಿನಗಳಲ್ಲಿ ಹಸುವಿಗೆ ಕೆಚ್ಚಲು ಬಾವು ಬಂತು. ಹಾಲಿನಲ್ಲಿ ರಕ್ತ. ಡಾಕ್ಟರು ಸೂಜಿ ಹಾಕಿ, ಕೊಟ್ಟಿಗೆ ಒಣಗಿಸಿಟ್ಟುಕೊಳ್ಳಿ ಎಂದು ಹೇಳಿ ಹೋದರು. ಅತ್ತೆ ಯಾರನ್ನೂ ದೂರಲಿಲ್ಲ. ದೂರಬೇಕಾಗಿಯೂ ಇರಲಿಲ್ಲ, ಮಗಳು ಆಗಲೇ ಊಟ ಬಿಟ್ಟಿದ್ದಳು.

"ನನ್ನಿಂದಾನೇ ಅಲ್ವೇನಮ್ಮಾ?"

"ಅಲ್ಲ ಕಣೇ, ಅದೊಂದು ರೋಗ" ಎಂದೆ. ಹಾಗೆಂದ ನನಗೇ ಒಳಗೊಳಗೆ ಅಳುಕಿತ್ತು.

ಹಸು ಗುಣವಾಗಿ, ಹಾಲು ಮತ್ತೆ ಡೈರಿಗೆ ಹೊರಟ ಬೆಳಿಗ್ಗೆ, ಮಗಳು ಚೊಂಬಿನ ನೀರಿಗೆ ಬೆರಳದ್ದಿಕೊಂಡು ಕ್ಯಾನಿನ ಹತ್ತಿರ ನಿಂತಿದ್ದಳು. ಜಗಲಿ ಮೇಲಿದ್ದ ಅತ್ತೆ ಎದ್ದು ಬಂದು ಅವಳ ಕೈ ಹಿಡಿದುಕೊಂಡರು.

"ಬ್ಯಾಡ ಕಣ್ ಮಗ. ನಾನ್ ಆಕುದ್ರೆ ಅದು ದಿಷ್ಟಿಗೆ. ನೀನ್ ಆಕುದ್ರೆ ಮೋಸ."

"ಹಸಕ್ಕೇನಾರಾ ಆದ್ರೆ ಅಜ್ಜಿ?"

ಅತ್ತೆ ಅವಳ ಒದ್ದೆ ಬೆರಳನ್ನು ಸೆರಗಿನಿಂದ ಒರೆಸಿ, ಕ್ಯಾನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಬಾಗಿಲು ದಾಟುವಾಗ ಅವರು ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಕೈಮುಗಿದು ಬೇಡಿಕೊಳ್ಳುತ್ತಿದ್ದರು: "ಮಗ ಇನ್ನೂ ಚಿಕ್ಕುದು ಕಣವ್ವಾ. ಒಟ್ಟೆಗಾಕ್ಕೋ."