ಕ್ಯಾಸೆಟ್ಟಿನ ಇನ್ನೊಂದು ಬದಿ

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಕಳೆದು ಈಸ್ಟರ್ ರಜೆ ಹತ್ತಿರ ಬಂದಿತ್ತು. ಲಂಡನ್ನಿನ ರೇನರ್ಸ್ ಲೇನಿನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಲ್ಲಿ ಸೀನಿದರೆ ಇಲ್ಲಿ ಕೇಳಿಸುತ್ತದೆ. ಈ ಕಡೆ ನಾನು, ನನ್ನ ಗಂಡ, ಮಗಳು ಮತ್ತು ಮಾವ. ಮಾವ ಕುಂದಾಪುರದ ಕಡೆಯವರು. ಹರೆಯದಲ್ಲೇ ಲಂಡನ್ನಿಗೆ ಬಂದು, ಹೋಟೆಲ್ಲಿನ ಅಡುಗೆಮನೆಯಲ್ಲಿ ದೋಸೆ ಹುಯ್ದು ಸಂಸಾರ ನಿಲ್ಲಿಸಿದವರು. ಸಂಜೆಯಾದರೆ ಅವರ ಹಳೆಯ ಟೇಪ್ ರೆಕಾರ್ಡರಿನಲ್ಲಿ ಯಕ್ಷಗಾನದ ಕ್ಯಾಸೆಟ್ ಹಾಡಲೇಬೇಕು. ನಾನು ಮೈಸೂರಿನವಳು, ಚೆಂಡೆಯ ಅಭ್ಯಾಸವಿಲ್ಲ. ಅದು ಶುರುವಾದೊಡನೆ, "ಮಾವ, ಸ್ವಲ್ಪ ಸಣ್ಣಕ್ಕೆ ಇಡಿ, ಪಕ್ಕದವರು ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಟ್ಟುಬಿಟ್ಟಾರು" ಎಂದು ಒಳಗಿನಿಂದ ಕೂಗುವುದು ನನ್ನ ದಿನಚರಿಯಾಗಿತ್ತು.

ಪಕ್ಕದ ಮನೆಯವರು ಮಾರಿಟ್. ಎಪ್ಪತ್ತು ದಾಟಿದ ಹೆಂಗಸು. ಅಮೆರಿಕದಲ್ಲಿ ಹುಟ್ಟಿ, ಇಲ್ಲಿಯವರನ್ನು ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮಾವನ ಬಾಯಲ್ಲಿ ಆ ಹೆಸರು ನಿಲ್ಲದೆ 'ಮಾರುತಿ ಅಮ್ಮ' ಆಗಿತ್ತು. ಹಾಗೆ ಕರೆದರೂ ಅವರು ಓಗೊಡುತ್ತಿದ್ದರು.

ಒಂದು ಸಂಜೆ ಚೆಂಡೆ ಜೋರಾಗಿರುವಾಗಲೇ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಮಾರಿಟ್. ಕೊನೆಗೂ ಕಂಪ್ಲೇಂಟ್ ಬಂತು ಎಂದುಕೊಂಡೆ. ಸಾರಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು: "ನೀವು ಹಾಕಿರೋದು ಕ್ಯಾಸೆಟ್ಟಾ? ನಿಮ್ಮ ಪ್ಲೇಯರ್ ಇನ್ನೂ ಕೆಲಸ ಮಾಡುತ್ತಾ?"

ಅವರ ಕೈಯಲ್ಲಿ ಚೀಟಿಯೂ ಅಂಟಿಸಿರದ ಒಂದು ಕ್ಯಾಸೆಟ್ ಇತ್ತು. ಅಟ್ಟ ಖಾಲಿ ಮಾಡುವಾಗ ಸಿಕ್ಕಿತಂತೆ. ಒಳಗೆ ಕೂರಿಸಿ ಚಹಾ ಕೊಟ್ಟೆ. ಅವರು ಕಥೆ ಹೇಳಿದರು. ಅವರ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ನಾರ್ವೆಯ ಒಂದು ಕಣಿವೆಯಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋದವರು. ಸುತ್ತಮುತ್ತಲ ಹೊಲಮನೆಗಳಲ್ಲೆಲ್ಲ ನಾರ್ವೆಯವರೇ ಇದ್ದದ್ದರಿಂದ ಕಣಿವೆಯ ಮಾತು ಅಲ್ಲಿ ಎರಡು ತಲೆಮಾರು ಉಳಿಯಿತು. ಆಮೇಲೆ ಮಕ್ಕಳು ಶಾಲೆಗೆ ಹೋದರು, ಚರ್ಚಿನಲ್ಲೂ ಇಂಗ್ಲಿಷ್ ಬಂತು. ಈಗ ಆ ಮಾತು ಆಡುವವರೇ ಇಲ್ಲ. ಆ ಊರಿನ ಕೆಲವರು ಸೇರಿ ಒಂದು ಪುಟ್ಟ ಮ್ಯೂಸಿಯಂ ಮಾಡಿಕೊಂಡು, ಹಿರಿಯರ ಪೆಟ್ಟಿಗೆ, ಪಾತ್ರೆ, ಫೋಟೋಗಳನ್ನು ಕೂಡಿಡುತ್ತಿದ್ದಾರೆ. ಧ್ವನಿ ಮಾತ್ರ ಅವರಿಗೆ ಸಿಕ್ಕಿರಲಿಲ್ಲ. ಮಾರಿಟ್‌ರ ಚಿಕ್ಕಪ್ಪ ಒಮ್ಮೆ ಅಡುಗೆಮನೆಯಲ್ಲಿ ಅಜ್ಜಿಯನ್ನು ಕೂರಿಸಿ ಮಾತಾಡಿಸಿ ರೆಕಾರ್ಡ್ ಮಾಡಿದ್ದು ಇದೇ ಕ್ಯಾಸೆಟ್ಟಿನಲ್ಲಿ.

"ಇದೊಂದೇ ಇರೋದು. ಬೇರೆ ಕಾಪಿ ಇಲ್ಲ" ಎಂದರು.

ಮಾವ ಯಕ್ಷಗಾನ ತೆಗೆದು ಅದನ್ನು ಹಾಕಿದರು. ಸ್ವಲ್ಪ ಹೊತ್ತು ಸುಯ್ ಎನ್ನುವ ಸದ್ದು, ಕುರ್ಚಿ ಕಿರುಗುಟ್ಟಿದ್ದು, ಆಮೇಲೆ ಒಬ್ಬ ಮುದುಕಿಯ ದನಿ. ನಮಗೆ ಒಂದಕ್ಷರ ತಿಳಿಯದಿದ್ದರೂ ನಡುನಡುವೆ 'ಫೆನ್ಸ್' ಎಂದೂ 'ಬೇಸ್‌ಮೆಂಟ್' ಎಂದೂ ಕೇಳಿಸಿತು. ಮಾರಿಟ್ ನಕ್ಕರು. "ಇಂಗ್ಲಿಷ್ ಬೆರೆತ ಈ ಮಾತೇ ಮ್ಯೂಸಿಯಂನವರಿಗೆ ಬೇಕಾಗಿರೋದು. ನಾರ್ವೆಯಲ್ಲೂ ಯಾರೂ ಹೀಗೆ ಮಾತಾಡಲ್ಲ. ಅಜ್ಜಿ ಹೇಳೋದು ನನಗೆ ಪೂರ್ತಿ ಅರ್ಥ ಆಗ್ತಿತ್ತು, ಆದರೆ ಉತ್ತರ ಕೊಡ್ತಾ ಇದ್ದದ್ದು ಇಂಗ್ಲಿಷ್‌ನಲ್ಲೇ."

ಆ ಹೊತ್ತಿಗೆ ಸರಿಯಾಗಿ ನನ್ನ ಮಗಳನ್ನು "ಊಟಕ್ಕೆ ಬಾರೇ" ಎಂದು ಕರೆದೆ. ಮಹಡಿಯಿಂದ "ಕಮಿಂಗ್!" ಎಂಬ ಉತ್ತರ ಬಂತು. ನಾನು ಮಾರಿಟ್‌ರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

ಕೊನೆಗೆ ಅಜ್ಜಿ ಮಾತು ನಿಲ್ಲಿಸಿ ರಾಗವಾಗಿ, ದನಿಯನ್ನು ಮೇಲಕ್ಕೇರಿಸಿ ಏನೋ ಕೂಗಿದರು. ಮಾವ ಕುರ್ಚಿಯ ತುದಿಗೆ ಬಂದು ಕೂತರು. "ಕೌ? ಕಾಲಿಂಗ್ ಕೌ?" ಎಂದು ಕೇಳಿದರು. ಮಾರಿಟ್ ಹೌದೆಂದು ತಲೆಯಾಡಿಸಿದರು, ಕಣ್ಣು ಒರೆಸಿಕೊಂಡರು. ಸಂಜೆ ದನಗಳನ್ನು ಕೊಟ್ಟಿಗೆಗೆ ಕರೆಯುವುದು ಹಾಗಂತೆ.

ಲ್ಯಾಪ್‌ಟಾಪಿಗೆ ಕಾಪಿ ಮಾಡಲು ಬೇಕಾದ ವೈರು ನಮ್ಮಲ್ಲಿರಲಿಲ್ಲ. ತರಿಸುತ್ತೇನೆ ಎಂದೆ. ಮಾರಿಟ್ ಮಾರನೆಯ ದಿನ ಮಗಳ ಮನೆಗೆ ಹೊರಟಿದ್ದರು. ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು, ಎರಡೂ ಕೈಯಿಂದ ನನ್ನ ಕೈ ಮುಚ್ಚಿ, "ಜೋಪಾನ" ಎನ್ನುವಂತೆ ಒತ್ತಿ ಹೋದರು. ನಾನದನ್ನು ದೇವರ ಗೂಡಿನ ಪಕ್ಕ ಇಟ್ಟೆ.

ವೈರು ಬಂದ ದಿನ ಹೌನ್ಸ್ಲೋದ ಆಫೀಸಿನಿಂದ ಟ್ಯೂಬ್ ರೈಲು ಹಿಡಿದು ಬೇಗ ಮನೆಗೆ ಬಂದೆ. ಬಾಗಿಲು ತೆಗೆದರೆ ಮುಂದಿನ ಕೋಣೆಯಲ್ಲಿ ಮಾವ ಟೇಪ್ ರೆಕಾರ್ಡರಿನ ಹತ್ತಿರ ಬಾಯಿ ಹಿಡಿದು, ಕಣ್ಣು ಮುಚ್ಚಿ ಕೂಗುತ್ತಿದ್ದಾರೆ: "ಕೆಂಪೀ... ಬಾ ಬಾ ಬಾ... ಹೋಯ್ ಕೆಂಪೀ..."

ರೆಕಾರ್ಡ್ ಮಾಡುವ ಕೆಂಪು ಬಟನ್ ಒಳಗೆ ಹೋಗಿತ್ತು. ಒಳಗೆ ತಿರುಗುತ್ತಿದ್ದದ್ದು ಚೀಟಿಯಿಲ್ಲದ ಆ ಕ್ಯಾಸೆಟ್ಟು. ದೇವರ ಗೂಡಿನ ಪಕ್ಕ ಖಾಲಿ.

"ಅಯ್ಯೋ ಮಾವ!" ಎಂದು ನಾನು ಕಿರುಚಿದ್ದು ಬೀದಿಯ ಕೊನೆಯ ಮನೆಗೂ ಕೇಳಿರಬೇಕು. ಓಡಿಹೋಗಿ ಸ್ಟಾಪ್ ಒತ್ತಿದೆ, ಕ್ಯಾಸೆಟ್ ಹೊರಗೆಳೆದೆ.

ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯಲ್ಲಿ, ಬದಿಗೊಂದರಂತೆ, ಚಿಕ್ಕ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಒಂದನ್ನು ಮುರಿದರೆ ಆ ಬದಿಯ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ, ಕೆಂಪು ಬಟನ್ ಒಳಗೇ ಹೋಗುವುದಿಲ್ಲ. ಆದರೆ ನಮ್ಮವರು ಬಿಡುತ್ತಾರೆಯೇ? ಆ ತೂತಿಗೆ ಒಂದು ಕಾಗದದ ಉಂಡೆ ತುರುಕಿದರೆ ಎಲ್ಲವೂ ಸಲೀಸು. ನಮ್ಮಪ್ಪ ಇಂಗ್ಲಿಷ್ ಕಲಿಸುವ ಕ್ಯಾಸೆಟ್ಟಿನ ಮೇಲೆ ಸೋದರತ್ತೆ ಹಾಡಿದ ಹಸೆ ಹಾಡು ತುಂಬಿಸಿದ್ದು ಹೀಗೆಯೇ. ಹಾಗಾಗಿ ನಾನು ಮೊದಲು ಹುಡುಕಿದ್ದು ಕಾಗದದ ಉಂಡೆಯನ್ನು. ಒಂದು ಮೂಲೆಯಲ್ಲಿ ತೂತಿತ್ತು, ಕಾಗದವಿರಲಿಲ್ಲ. ಎಳೆಯುವಾಗ ಕೆಳಗೆ ಬಿತ್ತೇನೋ ಎಂದು ಕಾರ್ಪೆಟ್ ತಡಕಿದೆ. ನನ್ನದು ಹಗ್ಗ ಕಂಡರೂ ಹಾವು ಎನ್ನುವ ಸ್ವಭಾವ ಬೇರೆ.

"ಎಂತ ಆಯ್ತ್ ಮಗಾ?" ಎಂದರು ಮಾವ, ಗಾಬರಿಯಾಗಿ.

"ಅದು ಮಾರಿಟ್ ಅವರ ಅಜ್ಜಿ, ಮಾವ! ಇರೋದೇ ಅದೊಂದು! ಅಳಿಸಿಬಿಟ್ರಲ್ಲ!" ಅವರ ಮುಖಕ್ಕೆ ನಾನು ಹಾಗೆ ಎಂದೂ ಮಾತಾಡಿರಲಿಲ್ಲ.

"ಹೆದರ್ಬೇಡ. ನಾ ಮಾಡ್ದದ್ದ್ ಆಚಿ ಬದಿಯಂಗೆ. ಅಜ್ಜಿ ಬದಿಯಂಗೆ ಕೆಂಪ್ ಬಟನ್ ಒತ್ತಿರೂ ಇಳೂದಿಲ್ಲ."

ನನಗೆ ನಂಬಿಕೆ ಬರಲಿಲ್ಲ. ಎರಡು ಬದಿಯೂ ನೋಡಲು ಒಂದೇ ಥರ. ಕ್ಯಾಸೆಟ್ ಹಾಕಿ, ಹಿಂದಕ್ಕೆ ಸುತ್ತಿಸಿ, ಪ್ಲೇ ಒತ್ತಿದೆ. "ಕೆಂಪೀ... ಬಾ ಬಾ ಬಾ..." ತಿರುಗಿಸಿ ಹಾಕಿದೆ, ಮತ್ತೆ ಹಿಂದಕ್ಕೆ ಸುತ್ತಿಸಿದೆ. ಸುಯ್ ಎನ್ನುವ ಸದ್ದು. ಮತ್ತೆ ಸುಯ್. ದೇವರ ಗೂಡಿನ ಕಡೆ ನೋಡಲೂ ಧೈರ್ಯವಾಗಲಿಲ್ಲ. ಆಮೇಲೆ ಕುರ್ಚಿ ಕಿರುಗುಟ್ಟಿತು. ಅಜ್ಜಿ ಮಾತಾಡತೊಡಗಿದರು. ಫೆನ್ಸು, ಬೇಸ್‌ಮೆಂಟು, ಕೊನೆಗೆ ದನಗಳ ಕರೆ, ಒಂದೂ ಬಿಡದೆ ಎಲ್ಲ ಹಾಗೇ ಇತ್ತು.

ನಾನು ಕೋಟೂ ಬಿಚ್ಚದೆ ನೆಲದ ಮೇಲೆ ಕೂತುಬಿಟ್ಟೆ. ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ಈಗಲೂ ಹೇಳಲಾರೆ. ಹೋದ ಜೀವ ಬಂದಿತ್ತು.

ಆದರೂ ಒಂದು ಚಿಂತೆ ಉಳಿಯಿತು. ಆಚೆ ಬದಿಯನ್ನು ಮಾರಿಟ್ ಬಂದ ದಿನ ನಾವು ಕೇಳಿರಲೇ ಇಲ್ಲ. ಅಲ್ಲಿ ಏನಾದರೂ ಇದ್ದಿದ್ದರೆ ಎಂದು ಕೇಳಿದೆ.

"ನಾ ಪೂರಾ ಕೇಂಡಿದೆ. ಅಜ್ಜಿ ಮತ್ತೆಂತಾರೂ ಹೇಳ್ತ್ರೋ ಕಾಂಬ ಅಂತ. ಬರೀ ಸುಯ್ ಅಂಬ್ದ್" ಎಂದರು ಮಾವ. ಪೂರ್ತಿ ಕೇಳಿ, ಖಾಲಿ ಎಂದು ಖಚಿತಮಾಡಿಕೊಂಡೇ ರೆಕಾರ್ಡ್ ಮಾಡಿದ್ದರು. ನನ್ನ ಕಡೆ ನೋಡದೆ ಹೇಳಿದರು: "ನಮ್ಮ ಅಬ್ಬಿಯೂ ಹಾಂಗೇ ಕರೀತಿತ್ತ್. ಆ ಸ್ವರ ಯಾರ್ ಹಿಡ್ದಿಟ್ರ್? ನಾ ಹ್ವಾದ್ಮೇಲೆ ಅದೂ ಇಲ್ಲ. ಈ ಅಜ್ಜಿದ್ ಕೇಂಡ್ ಆಸೆ ಆಯ್ತ್."

ಅಬ್ಬಿ ಎಂದರೆ ಅಮ್ಮ. ಮಾವನ ಅಮ್ಮನ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ.

ಆ ಸಂಜೆಯೇ ಕಾಪಿ ಮಾಡಿ ಮುಗಿಸಿದೆ. ಮಾರಿಟ್ ಊರಿಂದ ಬಂದಾಗ ನಾನೇ ಹೋಗಿ, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದೆ. ಮಾವ ನನ್ನ ಹಿಂದೆ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಮಾರಿಟ್ ಕ್ಯಾಸೆಟ್ ಇಸಿದುಕೊಂಡು ಅದರ ಬೆನ್ನು ನೋಡಿದರು, ಮುರಿದ ಮೂಲೆಯ ಮೇಲೆ ಬೆರಳಾಡಿಸಿದರು.

"ಇದು ಚಿಕ್ಕಪ್ಪನ ಕೆಲಸ. ಅಜ್ಜಿ ಮಾತಾಡಿದ ಬದಿಯ ಚೂರನ್ನು ಮಾತ್ರ ಮುರಿದಿಟ್ಟ. ಇನ್ನೊಂದು ಬದಿಯಲ್ಲಿ ಕ್ರಿಸ್‌ಮಸ್‌ಗೆ ಅಜ್ಜಿಯಿಂದ ಹಾಡಿಸಬೇಕು ಅಂದುಕೊಂಡಿದ್ದ. ಅಷ್ಟರಲ್ಲಿ ಅಜ್ಜಿ ಹೋಗಿಬಿಟ್ಟರು. ಅದು ಖಾಲಿಯೇ ಇತ್ತು."

ನನ್ನ ಎದೆಯ ಮೇಲಿನ ಭಾರ ಪೂರ್ತಿ ಇಳಿದದ್ದು ಆಗ. "ಹಾಗಾದರೆ ಮಾವನದನ್ನು ಅಳಿಸಿಕೊಡ್ತೀನಿ, ಒಂದು ನಿಮಿಷ" ಎಂದು ಕೈ ಚಾಚಿದೆ.

ಮಾರಿಟ್ ಕ್ಯಾಸೆಟ್ಟನ್ನು ಎದೆಗೆ ಒತ್ತಿಕೊಂಡರು. "ಮೊದಲು ಕೇಳಿಸಿ" ಎಂದರು. ಕೇಳಿದ ಮೇಲೆ ಮಾವನತ್ತ ತಿರುಗಿ, "ಹಸು ಬಂತಾ?" ಎಂದರು. ಮಾವನಿಗೆ ಅರ್ಥಮಾಡಿಸಿದೆ. "ಬಂತ್ ಬಂತ್, ಎಂದಿಗೂ ಬತ್ತಿತ್ತ್" ಎಂದು ಮಾವ ಕನ್ನಡದಲ್ಲೇ ಉತ್ತರಿಸಿದರು. ಮಾರಿಟ್ ಮೇಜಿನ ಡ್ರಾಯರಿನಿಂದ ಒಂದು ಕತ್ತರಿ ತಂದು, ಅದರ ತುದಿಯಿಂದ ಇನ್ನೊಂದು ಮೂಲೆಯ ಚೂರನ್ನೂ ಟಕ್ಕೆಂದು ಮುರಿದುಹಾಕಿದರು. ಇನ್ನು ಆ ಬದಿಯೂ ಅಳಿಯುವುದಿಲ್ಲ.

ಆ ಬೇಸಿಗೆಯಲ್ಲಿ ಅವರೇ ಅಮೆರಿಕಕ್ಕೆ ಕ್ಯಾಸೆಟ್ ಒಯ್ದು ಮ್ಯೂಸಿಯಂಗೆ ಕೊಟ್ಟು ಬಂದರು. ಇನ್ನೊಂದು ಬದಿಯಲ್ಲಿರುವುದು ನಾರ್ವೆಯ ಯಾವ ಕಣಿವೆಯ ಮಾತು ಎಂದು ಅಲ್ಲಿಯವರು ಕೇಳಿದರಂತೆ. ಅದನ್ನು ಹೇಳುವಾಗ ಮಾರಿಟ್‌ರಿಗೆ ನಗು ತಡೆಯಲಾಗಲಿಲ್ಲ. "ಕುಂದಾಪುರ ಕಣಿವೆ ಅಂತ ಬರೆಸಿ ಬಂದಿದ್ದೀನಿ" ಎಂದರು.

ಈಗಲೂ ಆ ಕೆಂಪು ಬಟನ್ ನೆನೆದರೆ ಅಂಗೈ ಬೆವರುತ್ತದೆ, ಮರುಕ್ಷಣವೇ ಕುರ್ಚಿ ಕಿರುಗುಟ್ಟಿದ ಸದ್ದು ನೆನಪಾಗಿ ಸಮಾಧಾನವಾಗುತ್ತದೆ. ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನ ಮಾತನ್ನು ರೆಕಾರ್ಡ್ ಮಾಡಿಡುತ್ತೇನೆ, ತರಕಾರಿ ಬೆಲೆಯ ಮಾತಾದರೂ ಸರಿ. ಸಂಜೆ ಮಾವ ಚೆಂಡೆ ಹಾಕಿದರೆ ಸಣ್ಣಕ್ಕೆ ಇಡಿ ಎಂದು ಕೂಗುವುದನ್ನು ಬಿಟ್ಟಿದ್ದೇನೆ. ಒಮ್ಮೊಮ್ಮೆ ನಾನು ಅಡುಗೆಮನೆಯಲ್ಲಿ ಮರೆತು ಹಾಗೆ ಕೂಗಿಬಿಟ್ಟರೆ, ಗೋಡೆಯಾಚೆಯಿಂದ ಮಾರುತಿ ಅಮ್ಮ ಟಕಟಕ ಬಡಿಯುತ್ತಾರೆ. ಜೋರಾಗಿ ಇಡಿ ಎಂದು ಅದರ ಅರ್ಥ.